ಮಳೆ ಬಿದ್ದ ಬದಿ

ನವೆಂಬರ್ 12

ಅಕ್ಕ,

ಬಂದು ತಲುಪಿದೆ. ಸಾಮಾನು ಇಳಿಸಿ, ಕೋಣೆಯೊಳಗಿನ ಮರಳು ಗುಡಿಸಿ ಈಗಷ್ಟೇ ಕೂತಿದ್ದೇನೆ. ಕೋಣೆ ಎಂದರೆ ಹೋದ ವರ್ಷದ ಅದೇ ತಗಡಿನ ಡಬ್ಬಿ. ಒಂದು ಮಂಚ, ಒಂದು ಮೇಜು, ಮುಚ್ಚಿದರೂ ಮುಚ್ಚಿಕೊಳ್ಳದ ಕಿಟಕಿ. ನಾವಿಲ್ಲದ ಬೇಸಿಗೆಯಲ್ಲಿ ಗಾಳಿ ಒಳಗೆ ಬಂದು ಸಂಸಾರ ಹೂಡಿಕೊಂಡು ಹೋಗಿದೆ. ದಿಂಬಿನೊಳಗೂ ಮರಳು. ಮೊದಲ ವರ್ಷ ಇದೆಲ್ಲ ಸಾಹಸ ಅನ್ನಿಸಿತ್ತು. ಮೂರನೆಯ ವರ್ಷಕ್ಕೆ ಬರೀ ಗುಡಿಸುವ ಕೆಲಸ.

ಫೋನು ಈ ಸಲವೂ ಇಲ್ಲ. ಕಚೇರಿಯ ಉಪಗ್ರಹ ಫೋನು ಯಾರಾದರೂ ಸತ್ತರೆ ಇಲ್ಲವೇ ಯಂತ್ರ ಕೆಟ್ಟರೆ ಮಾತ್ರ. ಹಾಗಾಗಿ ಹಳೆಯ ವ್ಯವಸ್ಥೆಯೇ. ನೀರು ತರುವ ಟ್ಯಾಂಕರಿನ ಡ್ರೈವರ್ ಪತ್ರ ಒಯ್ಯುತ್ತಾನೆ, ಪತ್ರ ತರುತ್ತಾನೆ. "ನಿಮ್ಮಕ್ಕಂದು ದಪ್ಪ ಲಕೋಟೆ, ನಿಮ್ದು ಯಾವಾಗ್ಲೂ ತೆಳ್ಳಗೆ" ಎಂದು ಇವತ್ತೇ ಚುಚ್ಚಿದ.

ಇದರ ಜೊತೆ ಅಪ್ಪನಿಗೆ ಒಂದು ಕಲ್ಲು ಕಳಿಸುತ್ತಿದ್ದೇನೆ. ಲಕ್ವ ಹೊಡೆದು ಸ್ವಾಧೀನ ತಪ್ಪಿದ ಕೈಯನ್ನು ಒರಟು ವಸ್ತುವಿನ ಮೇಲೆ ಆಡಿಸುತ್ತಿರಬೇಕು ಎಂದು ವ್ಯಾಯಾಮ ಮಾಡಿಸುವವರು ಹೇಳಿದ್ದರಲ್ಲ, ಅದಕ್ಕೆ. ಹೋದ ವರ್ಷ ಕೊರಕಲಿನಲ್ಲಿ ಕಿತ್ತದ್ದು. ಮೈಯೆಲ್ಲ ಉಪ್ಪು, ಮಣ್ಣು ಮೆತ್ತಿದೆ. ಇಲ್ಲಿ ಕುಡಿಯುವ ನೀರನ್ನೇ ಅಳೆದು ಕೊಡುತ್ತಾರೆ, ಕಲ್ಲು ತೊಳೆಯುತ್ತೇನೆ ಎಂದರೆ ಹೊಡೆದೇ ಬಿಡುತ್ತಾರೆ. ನೀನೇ ತೊಳೆದುಕೋ. ಅಂಚಿನಲ್ಲಿ ಮಣ್ಣು ಉದುರಿದ ಕಡೆ ಸಣ್ಣ ದುಂಡನೆಯ ಗುರುತುಗಳು ಕಾಣುತ್ತವೆ. ಅವು ಮಳೆಹನಿಗಳು. ಈ ಬಯಲು ಒಂದು ಕಾಲಕ್ಕೆ ಆಗಾಗ ತುಂಬಿ ಆಗಾಗ ಒಣಗುವ ಕೆರೆಯಾಗಿತ್ತು. ಕೋಟ್ಯಂತರ ವರ್ಷಗಳ ಹಿಂದೆ ಒಂದು ದಿನ ಒಣಗುತ್ತಿದ್ದ ಕೆಸರಿನ ಮೇಲೆ ನಾಲ್ಕು ಹನಿ ಬಿದ್ದು ನಿಂತುಹೋಯಿತು. ಜೋರಾಗಿ ಬಂದಿದ್ದರೆ ಎಲ್ಲ ಅಳಿಸಿಹೋಗುತ್ತಿತ್ತು. ನಾಲ್ಕೇ ಹನಿ ಬಿದ್ದದ್ದರಿಂದ ಉಳಿಯಿತು. ಕಲ್ಲಿನ ಅಂಚಿಗೆ ನೀಲಿ ಬಾಣ ಬರೆದಿದ್ದೇನೆ. ಬಾಣದ ಮೊನೆ ಮೇಲೆ ಬರುವಂತೆ ಇಡು. ಆಗ ಮಳೆ ಬಿದ್ದ ಬದಿ ಮೇಲೆ ಬರುತ್ತದೆ. ಅಪ್ಪ ಆ ಗುಳಿಗಳಲ್ಲಿ ಬೆರಳಾಡಿಸಲಿ.

ಕೆಲಸ ಈ ಸಲ ಮುಗಿಯುತ್ತದೆ. ಬಯಲಿನ ಊರಿಗೆ ಒಂದು ಆಳದ ಕೊಳವೆಬಾವಿ ಮಂಜೂರಾಗಿದೆ, ಒಂದೇ ಒಂದು. ಎಲ್ಲಿ ಕೊರೆಯಬೇಕೆಂದು ನಾನು ಹೇಳಬೇಕು. ಮಾರ್ಚ್ ಮೊದಲ ವಾರ ಕೊರೆಯುವ ರಿಗ್ಗು ಬರುತ್ತದೆ, ಜಾಗ ತೋರಿಸಿ ಸಹಿ ಹಾಕಿದರೆ ನಾನು ಮುಕ್ತ. ನಿನ್ನ ಕೈಯ ಆಪರೇಷನ್ನಿಗೆ ಮಾರ್ಚ್ ಮಧ್ಯದ ತಾರೀಖು ಹೇಳು. ನಾನು ಬಂದು ಅಪ್ಪನನ್ನು ನೋಡಿಕೊಳ್ಳುತ್ತೇನೆ. ಈ ಸಲ ತಪ್ಪುವುದಿಲ್ಲ.

ಇಲಿಮರಿ

ಡಿಸೆಂಬರ್ 3

ಇಲಿಮರಿ,

ಕಲ್ಲು ಬಂತು. ಎರಡನೆಯ ಮಹಡಿಗೆ ಹೊರುವುದು ನನ್ನ ಕೈಯಲ್ಲಿ ಆಗಲಿಲ್ಲ. ಕೆಳಮನೆಯವರು ಹೊತ್ತು ತಂದರು. "ಏನಿದು, ಸಮಾಧಿಗೆ ಹಾಕೋದಾ?" ಅಂತ ಕೇಳಿದರು. "ಇಲ್ಲ, ನನ್ನ ತಂಗಿ ಕಳಿಸಿರೋ ಉಡುಗೊರೆ" ಅಂದೆ. ಅವರು ನನ್ನನ್ನು ನೋಡಿದ ರೀತಿ ನೋಡಬೇಕಿತ್ತು.

ಬಚ್ಚಲಲ್ಲಿ ಇಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದೆ. ಬಕೆಟ್ಟುಗಟ್ಟಲೆ ಕೆಂಪು ನೀರು ಹೋಯಿತು. ಹೋಗಲಿ, ಇಲ್ಲಿ ನಲ್ಲಿಯಲ್ಲಿ ಬರುತ್ತದೆ. ಆದರೆ ಗುಳಿ ಎಂದು ಬರೆದಿದ್ದೀಯಲ್ಲ, ಎಲ್ಲಿವೆ? ನಿನ್ನ ಬಾಣ ತೋರಿಸುವ ಬದಿಯ ತುಂಬ ಉಬ್ಬುಗಳು, ಬಟಾಣಿ ಕಾಳು ಅಂಟಿಸಿದ ಹಾಗೆ. ಇನ್ನೊಂದು ಬದಿ ನುಣುಪು. ಚಿಕ್ಕಮ್ಮ ಬಂದವಳು ಚಪ್ಪಲಿ ಬಿಟ್ಟು ಅದರ ಮೇಲೆ ಹಿಮ್ಮಡಿ ಉಜ್ಜಿಕೊಂಡು, "ಒಂದು ಕಲ್ಲಾದ್ರೂ ಉಪಯೋಗಕ್ಕೆ ಬಂತಲ್ಲ, ಅಷ್ಟು ವರ್ಷ ಓದಿದ್ದಕ್ಕೆ" ಅಂದಳು. ಅವಳು ಹೋದ ಮೇಲೆ ಮತ್ತೆ ತೊಳೆದು ಅಪ್ಪನ ಮಂಚದ ಪಕ್ಕ ಇಟ್ಟೆ. ಗುಳಿಯೋ ಉಬ್ಬೋ, ಅಪ್ಪನಿಗೆ ಹಿಡಿಸಿದೆ. ಎಡಗೈಯಿಂದ ಬಲಗೈಯನ್ನು ಎತ್ತಿ ತಾನೇ ಅದರ ಮೇಲೆ ಇಟ್ಟುಕೊಳ್ಳುತ್ತಾನೆ.

ಮಾತು ಇನ್ನೂ ಎರಡೇ. ಇಷ್ಟವಾದರೆ "ರೈಟ್", ಇಲ್ಲದಿದ್ದರೆ "ಹೋಲ್ಡಾನ್." ಜೀವಮಾನವಿಡೀ ಬಸ್ಸಿನ ಬಾಗಿಲಲ್ಲಿ ನಿಂತು ಕೂಗಿದ ಎರಡು ಮಾತು ಉಳಿದು, ನಮ್ಮ ಹೆಸರು ಹೋಗಿದೆ. ಸೂಪು ಕುಡಿಸಿದರೆ ರೈಟ್. ಮಗ್ಗುಲು ಬದಲಿಸಿದರೆ ಹೋಲ್ಡಾನ್. ಉಗುರು ಕತ್ತರಿಸುವಾಗ ಬೆರಳಿಗೊಂದು ಹೋಲ್ಡಾನ್.

ನನ್ನ ಕೈ ಸುದ್ದಿ ಕೇಳಿದ್ದೀ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಅನ್ನುವುದು ನಿನಗೂ ಗೊತ್ತು. ಈಗ ಹೆಬ್ಬೆರಳಿನ ಬುಡದ ಮಾಂಸ ಇಳಿದಿದೆ. ಇನ್ನೂ ತಡ ಮಾಡಿದರೆ ಕೊಯ್ದೂ ಪ್ರಯೋಜನವಿಲ್ಲ ಅಂದರು ಡಾಕ್ಟರು. ಹೋದ ವಾರ ಲ್ಯಾಬಿನಲ್ಲಿ ಕಟ್ಟುಹಲ್ಲಿನ ಸೆಟ್ಟಿಗೆ ಮೇಣದಲ್ಲಿ ಹಲ್ಲು ಕೂರಿಸುವಾಗ ಬೆರಳಿಗೆ ಸ್ಪರ್ಶವೇ ಸಿಗದೆ ಒಬ್ಬ ಮೇಷ್ಟರಿಗೆ ಕುದುರೆ ಹಲ್ಲಿನ ಸೆಟ್ಟು ಮಾಡಿಟ್ಟೆ. ಅವರು ಹಾಕಿಕೊಂಡು ಕನ್ನಡಿ ನೋಡಿ, "ಇದು ನಂದಾ, ನಮ್ಮ ಹೆಡ್ಮಾಷ್ಟ್ರದಾ?" ಅಂದರಂತೆ. ಲ್ಯಾಬಿನ ಯಜಮಾನರು ನಕ್ಕರು. ಮಾರನೆಯ ದಿನ ನನ್ನನ್ನು ಹಲ್ಲು ಕೂರಿಸುವ ಮೇಜಿನಿಂದ ಎಬ್ಬಿಸಿ ಪ್ಲಾಸ್ಟರ್ ಕಲಸಲು ಹಾಕಿದರು.

ಆಪರೇಷನ್ ಮಾರ್ಚ್ 18ಕ್ಕೆ. ಆಮೇಲೆ ಒಂದೂವರೆ ತಿಂಗಳು ಏನೂ ಎತ್ತುವ ಹಾಗಿಲ್ಲ, ಅಪ್ಪನನ್ನಂತೂ ಅಲ್ಲವೇ ಅಲ್ಲ. ನೀನು ಬರುತ್ತೀ ಎಂದು ನಂಬಿ ತಾರೀಖು ಬರೆಸಿದ್ದೇನೆ.

ಅಕ್ಕ

ಡಿಸೆಂಬರ್ 24

ಅಕ್ಕ,

ಡ್ರೈವರ್ ಕಾಯುತ್ತಿದ್ದಾನೆ, ಅದಕ್ಕೆ ಅವಸರದಲ್ಲಿ ಬರೆಯುತ್ತಿದ್ದೇನೆ.

ಕಲ್ಲನ್ನು ಇನ್ನೊಮ್ಮೆ ನೋಡುತ್ತೀಯಾ? ಬಾಣದ ಮೊನೆ ತೋರಿಸುವ ಬದಿಯಲ್ಲೇ ಉಬ್ಬುಗಳಿವೆಯೇ? ನೀನು ಬಾಣವನ್ನು ತಿರುಗುಮುರುಗಾಗಿ ಓದಿಲ್ಲ ತಾನೆ? ಕಣ್ಣಿನಲ್ಲಿ ನೋಡಿ ಹೇಳಬೇಡ, ಕಣ್ಣು ಮೋಸ ಮಾಡುತ್ತದೆ. ಬೆರಳಿಟ್ಟು ನೋಡು. ನಿನ್ನ ಬೆರಳಿಗೆ ಸ್ಪರ್ಶವಿಲ್ಲ ಅನ್ನುವುದು ನೆನಪಿದೆ. ಎಡಗೈಯ ಬೆರಳಿಟ್ಟು ನೋಡು.

18ನೇ ತಾರೀಖು ಗೋಡೆಯ ಮೇಲೆ ಬರೆದುಕೊಂಡಿದ್ದೇನೆ.

ಇಲಿಮರಿ

ಜನವರಿ 11

ಇಲಿಮರಿ,

ಹೊಸ ವರ್ಷದಲ್ಲಿ ಕೈಗೆ ಬಂದ ನಿನ್ನ ಮೊದಲ ಪತ್ರ. ಅದರಲ್ಲಿ ಅಪ್ಪ ಹೇಗಿದ್ದಾನೆ ಅಂತಿಲ್ಲ, ಕೈ ಹೇಗಿದೆ ಅಂತಿಲ್ಲ. ಕಲ್ಲು ಹೇಗಿದೆ ಅಂತಿದೆ. ಕಲ್ಲು ಚೆನ್ನಾಗಿದೆ. ಊಟ ತಿಂಡಿ ಕೇಳುವುದಿಲ್ಲ, ರಾತ್ರಿ ಎಬ್ಬಿಸುವುದಿಲ್ಲ. ಈ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಪ್ರಾಣಿ ಇಲ್ಲ.

ಬೆರಳಿಟ್ಟು ನೋಡಿದೆ, ಎಡಗೈಯದೇ. ನನ್ನನ್ನು ನಂಬದಿದ್ದರೆ ಇರಲಿ ಎಂದು ಮೆತ್ತಗಿನ ಮೇಣದ ಹಾಳೆಯನ್ನೂ ಒತ್ತಿ ನೋಡಿದೆ. ಮೇಣದಲ್ಲಿ ಗುಳಿ ಬಿತ್ತು. ಅಂದ ಮೇಲೆ ಕಲ್ಲಿನಲ್ಲಿರುವುದು ಉಬ್ಬು. ಮೂವತ್ತು ವರ್ಷದಿಂದ ಜನರ ಬಾಯಿಯ ಅಚ್ಚು ತೆಗೆಯುತ್ತಿರುವವಳಿಗೆ ಉಬ್ಬು ಯಾವುದು ಗುಳಿ ಯಾವುದು ಎಂದು ಕೇಳುತ್ತೀಯಲ್ಲ. ಬಾಣದ ಮೊನೆ ಆ ಉಬ್ಬಿನ ಬದಿಗೇ ಇದೆ. ಬಾಣವನ್ನು ತಿರುಗುಮುರುಗು ಓದುವುದು ಹೇಗೆ? ಅದಕ್ಕೆ ಒಂದೇ ಮೊನೆ ಇರುವುದು.

ಅಪ್ಪನಿಗೆ ಬೆನ್ನಿನಲ್ಲಿ ಹುಣ್ಣು ಆಗುವ ಹಾಗಿತ್ತು, ಸದ್ಯ ಆಗಲಿಲ್ಲ. ಅದಕ್ಕಾಗಿ ಗಳಿಗೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದೇನೆ. ಬಲಗೈ ಆಗುವುದಿಲ್ಲ, ಮೊಣಕೈ ಕೊಟ್ಟು ಎತ್ತುತ್ತೇನೆ. ನಿನ್ನೆ ಎತ್ತುವಾಗ ಇಬ್ಬರೂ ಜಾರಿ ಮಂಚದ ಮೇಲೇ ಬಿದ್ದೆವು. ಅಪ್ಪ ನನ್ನ ಕಿವಿಯ ಹತ್ತಿರ ಮೆಲ್ಲಗೆ "ರೈಟ್" ಅಂದ.

ಅಕ್ಕ

ಜನವರಿ 30

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ತಲುಪಿತು. ಅಪ್ಪನ ಬೆನ್ನಿನ ವಿಷಯ ಕೇಳಿ ಆತಂಕವಾಯಿತು, ಹುಣ್ಣಾಗಲಿಲ್ಲ ಎಂದು ಸಮಾಧಾನವೂ ಆಯಿತು. ಇಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿದೆ. ಚಳಿ ಕಡಿಮೆಯಾಗಿದೆ. ಬೆಳಗಿನ ಹೊತ್ತು ಬೆಟ್ಟದ ಬಣ್ಣ ನೋಡಲು ಬಹಳ ಚೆನ್ನಾಗಿರುತ್ತದೆ. ರಿಗ್ಗು ನಿಗದಿಯಾದ ದಿನವೇ ಬರಲಿದೆ. ನಾನು ಮಾರ್ಚ್ 15ಕ್ಕೆ ಹೊರಟು 17ಕ್ಕೆ ಮನೆ ಸೇರುತ್ತೇನೆ. ನೀನು ಯಾವ ಯೋಚನೆಯನ್ನೂ ಇಟ್ಟುಕೊಳ್ಳಬೇಡ. ಚಿಕ್ಕಮ್ಮನಿಗೆ ನನ್ನ ನೆನಪುಗಳು.

ನಿನ್ನ ತಂಗಿ

ಫೆಬ್ರವರಿ 13

ಇಲಿಮರಿ,

ಏನು ಮುಚ್ಚಿಡುತ್ತಿದ್ದೀ?

ನಿನ್ನ ಪತ್ರದಲ್ಲಿ ಒಂದು ಅಕ್ಷರವೂ ಹೊಡೆದುಹಾಕಿಲ್ಲ. ಬೆಟ್ಟದ ಬಣ್ಣ ಚೆನ್ನಾಗಿದೆ ಎಂದು ಬರೆದಿದ್ದೀ. ಮೂರು ವರ್ಷದಲ್ಲಿ ಆ ಬೆಟ್ಟವನ್ನು ಬೈಯದೆ ಒಂದು ಪತ್ರ ಬರೆದವಳಲ್ಲ ನೀನು. "ನಿನ್ನ ತಂಗಿ" ಅಂತ ಸಹಿ ಹಾಕಿದ್ದೀ. ಚಿಕ್ಕಮ್ಮನಿಗೆ ನೆನಪು ಬೇರೆ. ಓದಿ ಹೇಳಿದ್ದಕ್ಕೆ ಅವಳೇ, "ಯಾಕೆ, ಅವಳಿಗೆ ಮೈಯಲ್ಲಿ ಹುಷಾರಿಲ್ವಾ?" ಅಂದಳು.

ಹಿಂದಿನ ಪತ್ರದಲ್ಲಿ ಕಲ್ಲು ಕಲ್ಲು ಎಂದು ಪ್ರಾಣ ತೆಗೆದೆ. ನಾನು ಮೇಣ ಒತ್ತಿ ಉತ್ತರ ಬರೆದೆ. ಅದಕ್ಕೆ ಒಂದು ಮಾತಿಲ್ಲ. ಚಿಕ್ಕವಳಿದ್ದಾಗ ಕಪ್ಪು ಒಡೆದರೆ ನೀನು ಹೀಗೇ ಮಾಡುತ್ತಿದ್ದೆ. ಚೂರುಗಳನ್ನು ಹಿತ್ತಲಲ್ಲಿ ಹೂತು ಬಂದು, ಯಾರೂ ಹೇಳದೆ ಪುಸ್ತಕ ಹಿಡಿದು ಕೂರುತ್ತಿದ್ದೆ. ಇಲಿಮರಿ ಎಂಬ ಹೆಸರು ಬಂದದ್ದೇ ಅದಕ್ಕೆ.

ನೀನು 17ಕ್ಕೆ ಬಂದರೆ ನನಗೆ ಸಾಕು. ಆದರೆ ಹೀಗೆ ಬರುವವಳು ಬಂದಮೇಲೆ ಹೇಗಿರುತ್ತಾಳೆ ಎಂದು ನನಗೆ ಗೊತ್ತು. ಅಪ್ಪನ ಪಕ್ಕ ಇನ್ನೊಂದು ಮಂಚ ಹಾಕುವ ಶಕ್ತಿ ನನಗಿಲ್ಲ. ಏನಾಗಿದೆ, ಬರಿ.

ಅಕ್ಕ

ಫೆಬ್ರವರಿ 24

ಅಕ್ಕ,

ಹೌದು. ಮುಚ್ಚಿಟ್ಟಿದ್ದೆ. ಈಗ ಎಲ್ಲ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದು.

ಕೆಸರಿನ ಮೇಲೆ ಹನಿ ಬಿದ್ದರೆ ಗುಳಿ ಬೀಳುತ್ತದೆ. ಆ ಗುಳಿ ಒಣಗಿದ ಮೇಲೆ ಇನ್ನೊಂದು ಸಲ ನೀರು ಬಂದು ಹೊಸ ಕೆಸರು ಅದರೊಳಗೆ ತುಂಬಿಕೊಂಡರೆ, ಮೇಲಿನ ಪದರದ ಹೊಟ್ಟೆಗೆ ಉಬ್ಬು ಬರುತ್ತದೆ. ನೀನು ದಿನಾ ಮಾಡುವುದೇ ಇದು. ಅಚ್ಚಿನ ಗುಳಿಗೆ ಪ್ಲಾಸ್ಟರ್ ಸುರಿದರೆ ಹಲ್ಲು ಉಬ್ಬಿ ಬರುವುದಿಲ್ಲವೇ, ಹಾಗೆ. ಆದ್ದರಿಂದ ಕಲ್ಲಿನಲ್ಲಿ ಉಬ್ಬಿರುವ ಬದಿ ಯಾವಾಗಲೂ ಕೆಳಬದಿ. ನಾನು ಅದನ್ನು ಮೇಲ್ಬದಿ ಎಂದು ಬಾಣ ಬರೆದಿದ್ದೇನೆ.

ಒಂದು ಕಲ್ಲಿನ ಬಾಣ ತಪ್ಪಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈ ಕೊರಕಲಿನಲ್ಲಿ ಪದರಗಳು ಮಲಗಿಲ್ಲ, ಕಪಾಟಿನ ಪುಸ್ತಕಗಳ ಹಾಗೆ ನಿಂತಿವೆ. ಬಯಲಿನ ಕಡೆ ಕೆಂಪು ಜೇಡಿಗಲ್ಲು, ಮೈತುಂಬ ಉಪ್ಪು. ಬೆಟ್ಟದ ಕಡೆ ಮರಳುಗಲ್ಲು, ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ನೀರು ಹಿಡಿದುಕೊಳ್ಳುವಂಥದು. ಮೊದಲ ಸಂಪುಟ ಯಾವ ತುದಿಯದು, ಕೊನೆಯದು ಯಾವುದು? ಬೆಟ್ಟದ ಕಡೆಯದು ಹಳೆಯದು ಎಂದು ಮೊದಲಿನ ನಕ್ಷೆಯಲ್ಲಿತ್ತು, ನಾನೂ ಹಾಗೇ ತಿಳಿದೆ. ಹಾಗಿದ್ದರೆ ಬಯಲಿನಲ್ಲಿ ಜೇಡಿಯ ಕೆಳಗೆ ಮರಳುಗಲ್ಲು ಮಲಗಿರುತ್ತದೆ. ಜೇಡಿಯನ್ನು ತೂತು ಮಾಡಿ ಇಳಿದರೆ ನೀರು. ಊರಿನ ಪಕ್ಕದಲ್ಲೇ ಗೂಟ ಹೊಡೆದು ಜಾಗ ತೋರಿಸಿದ್ದೆ.

ನಿನ್ನ ಡಿಸೆಂಬರ್ ಪತ್ರ ಓದಿದ ಮಾರನೆಯ ದಿನ ಕೊರಕಲಿಗೆ ಇಳಿದು, ನನ್ನ ಪಾಲಿನ ಕುಡಿಯುವ ನೀರನ್ನು ಬಂಡೆಯ ಮೇಲೆ ಸುರಿದು ಉಜ್ಜಿದೆ. ಉಬ್ಬು. ಪಕ್ಕದ ಪದರಕ್ಕೆ ಹೋಗಿ ಉಜ್ಜಿದೆ. ಉಬ್ಬು. ಎಲ್ಲವೂ ಬಯಲಿನ ಕಡೆಗೇ ಮುಖ ಮಾಡಿವೆ, ಅಂದರೆ ಪದರಗಳ ತಳ ಆ ಕಡೆಗಿದೆ. ಆದರೂ ಒಂದೇ ಒಂದು ಆಸೆಗೆ ನಿನಗೆ ಬರೆದು ಕೇಳಿದೆ. ನಿನ್ನ ಮೇಣದ ಹಾಳೆ ಅದನ್ನೂ ಮುಗಿಸಿತು. ಬೆಟ್ಟ ಏಳುವಾಗ ಈ ಪದರಗಳನ್ನು ಎತ್ತಿ ನಿಲ್ಲಿಸಿದ್ದು ಸಾಲದೆ ಆಚೆಗೆ ಮಗುಚಿಬಿಟ್ಟಿದೆ. ಮರಳುಗಲ್ಲು ಹಳೆಯದಲ್ಲ, ಹೊಸದು. ಅದು ಜೇಡಿಯ ಮೇಲೆ ಇದ್ದದ್ದು. ಬಯಲಿನಲ್ಲಿ ನಮ್ಮ ಕಾಲಡಿ ಇದೆ ಎಂದುಕೊಂಡ ಕಲ್ಲು ನಿಜಕ್ಕೂ ನಮ್ಮ ತಲೆಯ ಮೇಲಿತ್ತು, ಗಾಳಿ ಯಾವತ್ತೋ ತಿಂದು ಮುಗಿಸಿದೆ. ಗೂಟ ಹೊಡೆದ ಕಡೆ ಕೊರೆದರೆ ಉಪ್ಪು ಬಿಟ್ಟು ಬೇರೇನೂ ಬರುವುದಿಲ್ಲ. ನೀರು ಇದ್ದರೆ ಬೆಟ್ಟದ ಬುಡದಲ್ಲಿದೆ. ಎಲ್ಲಿ ಎಂದು ಹೇಳಬೇಕಾದರೆ ಎಲ್ಲ ಕೊರಕಲುಗಳನ್ನೂ ಮತ್ತೆ ನಡೆಯಬೇಕು.

ಸುಮ್ಮನಿದ್ದರೆ 17ಕ್ಕೆ ಮನೆಗೆ ಬರಬಹುದಿತ್ತು. ರಿಗ್ಗು ತಳ ಮುಟ್ಟುವ ಹೊತ್ತಿಗೆ ನಾನು ಮನೆಯಲ್ಲಿರುತ್ತಿದ್ದೆ. ಉಪ್ಪು ಬಂದರೆ ನೆಲದ ಹಣೆಬರಹ ಅನ್ನುತ್ತಿದ್ದರು. ಅದನ್ನೇ ಯೋಚಿಸುತ್ತ ದಿನ ತಳ್ಳಿದೆ. ನನಗೆ ಸುಸ್ತಾಗಿದೆ ಅಕ್ಕ. ಮನೆಗೆ ಬರಬೇಕು ಅನ್ನಿಸಿತ್ತು, ಅಷ್ಟೇ.

ನಿನ್ನ ಪತ್ರ ಬಂದ ದಿನ ಶಿಬಿರದ ಎಂಜಿನಿಯರರ ಮುಂದೆ ಹೋಗಿ ಹೇಳಿದೆ.

"ಎರಡು ವರ್ಷ ನೆಟ್ಟಗಿದ್ದ ಬಂಡೆ ಈಗ ಮಗುಚ್ಕೊಳ್ತಾ ಮೇಡಂ?" ಅಂದರು.

"ಬಂಡೆ ಆಗ್ಲೇ ಮಗುಚಿತ್ತು ಸಾರ್. ನಾನು ನೋಡಿದ್ದು ಈಗ."

ಕಡತದಿಂದ ಬಂಡೆಯ ಹಳೆಯ ಫೋಟೋ ತೆಗೆದು ತೋರಿಸಿ, "ಇದರಲ್ಲಿ ಗುಳಿ ಥರಾನೇ ಕಾಣುತ್ತಲ್ಲ" ಅಂದರು. ಫೋಟೋ ತಲೆಕೆಳಗು ಹಿಡಿಯಿರಿ ಅಂದೆ. ಹಿಡಿದರು. ಉಬ್ಬಾಗಿ ಕಂಡವು. ಮತ್ತೆ ತಿರುಗಿಸಿದರು, ಗುಳಿಯಾದವು. "ಇದೇನ್ರೀ ಇದು, ಹೇಗೆ ಬೇಕಾದ್ರೆ ಹಾಗಾಗುತ್ತೆ" ಎಂದು ಫೋಟೋ ಮೇಜಿನ ಮೇಲೆ ಎಸೆದರು. ಬೆಳಕು ಬೀಳುವ ದಿಕ್ಕು ಗೊತ್ತಿಲ್ಲದಿದ್ದರೆ ಕಣ್ಣು ಹಾಗೇ ಮಾಡುತ್ತದೆ. ನಾನು ಮೊದಲು ಎಡವಿದ್ದೂ ಅದೇ ಫೋಟೋ ನೋಡಿ.

ಕೇಂದ್ರ ಕಚೇರಿಯವರು ಬರುತ್ತಾರಂತೆ. ಅವರು ಕೊರಕಲಿಗೆ ಇಳಿಯುವ ಪೈಕಿಯಲ್ಲ, ಮೇಜಿನ ಮೇಲೆ ಇಡಲು ಏನಾದರೂ ಬೇಕು. ಇಲ್ಲಿ ಪದರ ಕೀಳಲು ಹೋದರೆ ಪುಡಿಯಾಗುತ್ತದೆ. ಇಡಿಯಾಗಿ ಬಂದದ್ದು, ಬಾಣದ ಸಮೇತ, ಅದೊಂದೇ ಕಲ್ಲು. ಅಪ್ಪನ ಕೈಕೆಳಗೆ ಇರುವುದು. ಅದನ್ನು ವಾಪಸು ಕಳಿಸಬೇಕು.

18ಕ್ಕೆ ನಾನು ಬರಲಾಗುವುದಿಲ್ಲ. ಹಿಂದೆಯೂ ಇದನ್ನೇ ಬರೆದಿದ್ದೇನೆ, ಬೇರೆ ಬೇರೆ ಕಾರಣಕ್ಕೆ. ಈ ಸಲ ಕಾರಣ ದೊಡ್ಡದು ಎಂದು ಹೇಳಲು ನನಗೇ ನಾಚಿಕೆಯಾಗುತ್ತದೆ.

ಇಲಿಮರಿ

ಮಾರ್ಚ್ 9

ಇಲಿಮರಿ,

ಕಲ್ಲು ಈ ಪತ್ರದ ಜೊತೆ ಬರುತ್ತಿದೆ. ಅಕ್ಕ ದೊಡ್ಡ ಮನಸ್ಸಿನವಳು ಎಂದುಕೊಳ್ಳಬೇಡ. ನಿನ್ನ ಪತ್ರ ಓದಿ, ಮಡಚಿ ಅಡುಗೆಮನೆಯ ಡಬ್ಬಿಯಡಿ ಇಟ್ಟು, ಬಂದಿಲ್ಲ ಎಂದೇ ನಾಲ್ಕು ದಿನ ಇದ್ದೆ. ಟ್ಯಾಂಕರ್ ಡಿಪೋದಿಂದ ಫೋನು ಬಂತು. "ಅಮ್ಮಾ, ಏನೋ ಕಲ್ಲು ಕೊಡ್ತೀರಂತೆ, ತಂಗಿ ಹೇಳಿ ಕಳಿಸಿದಾರೆ." ಇನ್ನೂ ತಯಾರಾಗಿಲ್ಲ ಅಂದೆ. ಕಲ್ಲು ತಯಾರಾಗುವುದು ಅಂದರೇನು ಅಂತ ಅವನು ಕೇಳಲಿಲ್ಲ, ಪುಣ್ಯಾತ್ಮ.

ನನಗೆ ಸಿಟ್ಟಿದೆ. ಅದು ಇರುತ್ತದೆ. ಅಲ್ಲಿಯವರು ಕುಡಿಯುವ ನೀರಿನ ಮುಂದೆ ನನ್ನ ಹೆಬ್ಬೆರಳು ದೊಡ್ಡದು ಎಂದು ನಾನು ಹೇಳುವ ಹಾಗಿಲ್ಲ, ಹೇಳದೆ ಇರುವುದಕ್ಕೂ ಆಗುತ್ತಿಲ್ಲ. ನೀನು ಸುಮ್ಮನಿದ್ದು ಬಂದಿದ್ದರೆ ನಾನು ಏನೂ ತಿಳಿಯದೆ ನಿನ್ನ ಕೈಗೆ ಅಪ್ಪನನ್ನು ಕೊಟ್ಟು ಆಸ್ಪತ್ರೆಗೆ ಹೋಗುತ್ತಿದ್ದೆ. ನಾನೇ ಕೆದಕಿ ಕೇಳಿದೆ. ಅದಕ್ಕೂ ನನ್ನ ಮೇಲೇ ಸಿಟ್ಟು.

ಆಪರೇಷನ್ ಮುಂದೆ ಹಾಕುವುದಿಲ್ಲ. ಹಾಕಿದರೆ ಕೈ ಹೋಯಿತು ಅಂದಿದ್ದಾರೆ. ಚಿಕ್ಕಮ್ಮನನ್ನು ಕೇಳಿದೆ. "ನನ್ನ ಸೊಂಟ ನೋಡಿದೀಯಾ? ನಿಮ್ಮಪ್ಪನ್ನ ಎತ್ತೋಕೆ ಹೋಗಿ ನಾನೇ ಪಕ್ಕದ ಮಂಚ ಹಿಡಿದ್ರೆ ಇಬ್ರಿಗೂ ಸೇರಿ ಸೂಪು ಕುಡಿಸೋರು ಯಾರು?" ಎಂದು ಒಂದು ಗಂಟೆ ಮಾತಾಡಿದಳು. ಕೊನೆಗೆ ಬರುತ್ತೇನೆ ಅಂದಳು. ಎತ್ತುವುದಕ್ಕೆ ಕೆಳಮನೆಯವರು ಬೆಳಿಗ್ಗೆ ಸಂಜೆ ಬರುತ್ತಾರೆ. ಹೇಗೋ ನಡೆಯುತ್ತದೆ. ಹೇಗೋ ನಡೆದೇ ಇಷ್ಟು ವರ್ಷ ಆಯಿತಲ್ಲ.

ಕಲ್ಲು ತೆಗೆದುಕೊಳ್ಳಲು ಹೋದಾಗ ಅಪ್ಪ "ಹೋಲ್ಡಾನ್" ಅಂದ. ಅಂಗೈಯನ್ನು ಒತ್ತಿ ಹಿಡಿದುಕೊಂಡಿದ್ದ, ಬಲಗೈ. ಆ ಕೈಯಲ್ಲಿ ಅಷ್ಟು ಬಲ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಿನಗೆ ಬೇಕು ಎಂದು ಹೇಳಿದೆ. ಅರ್ಥವಾಯಿತೋ ಇಲ್ಲವೋ, ಬಿಡಲಿಲ್ಲ. ಮಧ್ಯಾಹ್ನ ನಿದ್ದೆ ಹೋದ ಮೇಲೆ ತೆಗೆದೆ.

ತೆಗೆದವಳಿಗೆ ಮನಸ್ಸು ತಡೆಯಲಿಲ್ಲ. ಕೆಳಮನೆಯವರ ಕೈಯಲ್ಲಿ ಹೊರಿಸಿಕೊಂಡು ಅದನ್ನು ನಮ್ಮ ಲ್ಯಾಬಿಗೆ ಒಯ್ದೆ. ಯಜಮಾನರು, "ಯಾರ ಬಾಯಮ್ಮಾ ಇದು, ರಾಕ್ಷಸಂದಾ?" ಅಂದರು. ಕಲ್ಲಿನ ಸುತ್ತ ಮೇಣದ ಕಟ್ಟೆ ಕಟ್ಟಿ, ಉಬ್ಬುಗಳ ಮೇಲೆ ಎಣ್ಣೆ ಸವರಿ, ಗಟ್ಟಿ ಪ್ಲಾಸ್ಟರ್ ಕಲಸಿ ಸುರಿದೆ. ಸೌಟು ಕೈಯಿಂದ ಎರಡು ಸಲ ಬಿತ್ತು. ಗುಳ್ಳೆ ನಿಲ್ಲದ ಹಾಗೆ ತಟ್ಟುವುದಕ್ಕೆ ಎಡಗೈಯೂ ಬೇಕಾಯಿತು. ಆರಿದ ಮೇಲೆ ಬಿಡಿಸಿದರೆ ಚೊಕ್ಕವಾಗಿ ಬಿಟ್ಟುಕೊಂಡಿತು, ಒಂದು ಹನಿಯೂ ಕೆಟ್ಟಿಲ್ಲ. ಈ ಕೈಯಲ್ಲಿ ಮಾಡಿದ ಕೊನೆಯ ಕೆಲಸ ಇದೇ ಆದರೂ ಆಗಬಹುದು. ಚೆನ್ನಾಗಿ ಬಂದಿದೆ.

ಪ್ಲಾಸ್ಟರಿನಲ್ಲಿ ಬಂದಿರುವುದು ಗುಳಿ. ನೀನು ಹೇಳಿದ ಲೆಕ್ಕದಲ್ಲಿ ನಿನ್ನ ಹತ್ತಿರ ಇರುವುದು ಮಳೆ ನಿಂತ ಮೇಲೆ ಬಂದ ಕೆಸರು. ಮಳೆ ಬಿದ್ದ ನೆಲ ಇದು. ಅದು ಈಗ ನಮ್ಮ ಮನೆಯಲ್ಲಿದೆ. ಅಪ್ಪ ಎದ್ದು, ಬಿಳಿ ಕಂಡು ಮುಖ ಗಂಟಿಕ್ಕಿದ. ನಾನೇ ಅವನ ಬೆರಳು ಹಿಡಿದು ಒಂದು ಗುಳಿಯೊಳಗೆ ಇಟ್ಟೆ. ತುಂಬ ಹೊತ್ತು ತೆಗೆಯಲಿಲ್ಲ.

ಕಲ್ಲನ್ನು ಅವರ ಮೇಜಿನ ಮೇಲೆ ಇಡುವಾಗ ಬೆರಳಿಟ್ಟು ನೋಡಿ ಎಂದು ಹೇಳು. ಕಣ್ಣಿನಲ್ಲಿ ನೋಡಲು ಬಿಡಬೇಡ.

ಅಕ್ಕ

ಮಾರ್ಚ್ 29

ಅಕ್ಕ,

18 ಆಗಿ ಎಷ್ಟು ದಿನವಾಯಿತು, ನಿನ್ನಿಂದ ಏನೂ ಬಂದಿಲ್ಲ. ಬರೆಯುವ ಕೈಯನ್ನೇ ಕೊಯ್ದಿರುವಾಗ ಪತ್ರ ಎಲ್ಲಿಂದ ಬರಬೇಕು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಡ್ರೈವರನ್ನು ಕೇಳಿದರೆ, "ಕೆಟ್ಟ ಸುದ್ದಿ ಆಗಿದ್ರೆ ಡಿಪೋಗೆ ಫೋನ್ ಬಂದಿರ್ತಿತ್ತು ಮೇಡಂ" ಅನ್ನುತ್ತಾನೆ. ಅವನ ಮಾತು ಹಿಡಿದುಕೊಂಡು ಕೂತಿದ್ದೇನೆ.

ಕೇಂದ್ರ ಕಚೇರಿಯಿಂದ ಇಬ್ಬರು ಬಂದರು. ಕಲ್ಲನ್ನು ಮೇಜಿನ ಮೇಲೆ ಇಟ್ಟು, ನೀನು ಹೇಳಿದಂತೆ ಬೆರಳಿಟ್ಟು ನೋಡಿ ಅಂದೆ. ಹಿರಿಯವರು ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಬೆರಳಾಡಿಸಿದರು. ಆಮೇಲೆ ಬಾಣ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಯಾವಾಗ ತೊಳೆದ್ರಿ ಇದನ್ನ?" ಎಂದಷ್ಟೇ ಕೇಳಿದರು. ನಮ್ಮಕ್ಕ ತೊಳೆದದ್ದು ಅಂದೆ. ಅವರು ನಗಲಿಲ್ಲ. ರಿಗ್ಗು ಬಂದು ನಿಂತಿತ್ತು, ಕೊರೆಯದೆ ಹಾಗೇ ವಾಪಸು ಹೋಯಿತು. ಬೆಟ್ಟದ ಬುಡದಲ್ಲಿ ಜಾಗ ತೋರಿಸಿದರೆ ಮುಂದಿನ ಚಳಿಗಾಲಕ್ಕೆ ಕಳಿಸುತ್ತಾರಂತೆ. ಅಲ್ಲಿಯತನಕ ಊರಿಗೆ ಟ್ಯಾಂಕರೇ ಗತಿ.

ಊರಿನವರು ನನಗೆ ಮಗುಚಮ್ಮ ಎಂದು ಹೆಸರಿಟ್ಟಿದ್ದಾರೆ. ರಿಗ್ಗು ಹೋಗುವುದನ್ನು ನೋಡಲು ಬೀದಿಯಲ್ಲಿ ಸಾಲಾಗಿ ನಿಂತಿದ್ದರು. ಒಬ್ಬ ಹೆಂಗಸು ಕೊಡ ಸೊಂಟಕ್ಕಿಟ್ಟುಕೊಂಡು, "ಇನ್ನೊಂದು ವರ್ಷಾನಾ ತಾಯಿ?" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಉಪ್ಪು ಬರುತ್ತಿತ್ತು ಎಂದು ವಿವರಿಸಲು ಹೋದೆ. "ಇರಬಹುದು" ಎಂದು ನಡೆದುಬಿಟ್ಟಳು. ಸಿಗದ ನೀರಿಗೂ ಸಿಗಲಾರದ ನೀರಿಗೂ ವ್ಯತ್ಯಾಸ ಅವಳ ಖಾಲಿ ಕೊಡಕ್ಕೆ ಏನು ತಿಳಿಯುತ್ತದೆ.

ಕೊರಕಲುಗಳನ್ನು ಮತ್ತೆ ನಡೆಯುತ್ತಿದ್ದೇನೆ. ಈಗ ಕಲ್ಲು ತೊಳೆಯಲು ಬೇರೆಯೇ ಒಂದು ಕ್ಯಾನ್ ನೀರು ಕೊಡುತ್ತಾರೆ. ಸುರಿಯುವಾಗ ಪ್ರತಿ ಸಲ ಆ ಹೆಂಗಸಿನ ಕೊಡ ನೆನಪಾಗುತ್ತದೆ. ಬಿಸಿಲು ಏರಿದೆ, ಏಪ್ರಿಲ್ ಕೊನೆಗೆ ಶಿಬಿರ ಮುಚ್ಚಲೇಬೇಕು. ಅಷ್ಟರಲ್ಲಿ ಮುಗಿಯದಿದ್ದರೂ ನಾನು ಹೊರಡುತ್ತೇನೆ ಎಂದು ಎಂಜಿನಿಯರಿಗೆ ಬರೆದು ಕೊಟ್ಟಿದ್ದೇನೆ. ತಾರೀಖು ಹೇಳುವುದಿಲ್ಲ. ನಾನು ಹೇಳಿದ ತಾರೀಖುಗಳು ನಿನ್ನ ಹತ್ತಿರ ಸಾಕಷ್ಟಿವೆ.

ಕೈ ಹೇಗಿದೆ? ಚಿಕ್ಕಮ್ಮನಿಂದಲಾದರೂ ಎರಡು ಸಾಲು ಬರೆಸು.

ಇಲಿಮರಿ

ಏಪ್ರಿಲ್ 12

ಇಲಿಮರಿ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಚಿಕ್ಕಮ್ಮನಿಗೆ ಬರೆಯಲು ಹೇಳಿದರೆ ಅವಳದೇ ಸುದ್ದಿ ಬರೆಯುತ್ತಾಳೆ.

ಹೊಲಿಗೆ ಬಿಚ್ಚಿದರು. ತೋರುಬೆರಳಿಗೆ ಸ್ಪರ್ಶ ಬಂದಿದೆ. ಹೆಬ್ಬೆರಳು ಇನ್ನೂ ಏನೂ ಹೇಳುವುದಿಲ್ಲ. ಕಾಯಬೇಕಂತೆ.

ಅಪ್ಪ ಚೆನ್ನಾಗಿದ್ದಾನೆ. ಪ್ಲಾಸ್ಟರ್ ಕೊಳೆಯಾಗಿದೆ, ಅಷ್ಟು ಸವರುತ್ತಾನೆ. ಉಗುರು ಬಹಳ ಬೆಳೆದಿದೆ, ಗುಳಿಯೊಳಗೆ ಸಿಕ್ಕಿಕೊಳ್ಳುತ್ತದೆ. ನನ್ನ ಎಡಗೈಯಲ್ಲಿ ಕತ್ತರಿ ನಿಲ್ಲುವುದಿಲ್ಲ. ಚಿಕ್ಕಮ್ಮ ನಿನ್ನೆ ಕತ್ತರಿಸಲು ಹೋದಳು. ಅಪ್ಪ ಕೈ ಹಿಂದಕ್ಕೆ ಎಳೆದುಕೊಂಡು ಹೋಲ್ಡಾನ್ ಅಂದ. ಎಷ್ಟು ಕೇಳಿದರೂ ಅದೇ.

ಆ ಕೆಲಸ ನೀನು ಬರುವತನಕ ಹಾಗೇ ಇಟ್ಟಿದ್ದೇವೆ.

ಅಕ್ಕ